ಒಂದು ಮುಚ್ಚಳ ಬ್ಲೀಚಿಂಗ್ ನೀರು

ನನಗೆ ಜ್ವರ ಬರುವುದು ಮಧ್ಯಾಹ್ನದ ಊಟವಾದ ಮೇಲೆ. ಬರುತ್ತದೆ ಎನ್ನುವುದಕ್ಕಿಂತ ಏರುತ್ತದೆ ಎಂದರೆ ಸರಿ. ಹಂಡೆಯ ನೀರು ಕಾಯುವ ಹಾಗೆ, ಸದ್ದಿಲ್ಲದೆ, ತಳದಿಂದ. ಆಗ ನಮ್ಮ ಲಾಂಡ್ರಿಯ ತಾರಸಿಯಲ್ಲಿ ಒಣಹಾಕಿದ ಹಾಸಿಗೆ ಬಟ್ಟೆಗಳೆಲ್ಲ ಒಟ್ಟಿಗೆ ಉಸಿರೆಳೆದುಕೊಂಡು ಒಟ್ಟಿಗೆ ಬಿಡುವುದು ಕಾಣಿಸುತ್ತದೆ. ಅವುಗಳ ನಡುವೆ ನಡೆದರೆ ಗೋಡೆಯೇ ಇಲ್ಲದ ಮನೆಯೊಳಗೆ ಹೊಕ್ಕಂತಾಗುತ್ತದೆ. ಒಂದು ಬಿಳಿ ಕೋಣೆ ದಾಟಿದರೆ ಇನ್ನೊಂದು ಬಿಳಿ ಕೋಣೆ, ಯಾವುದರಲ್ಲೂ ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಜ್ವರವನ್ನು ನಾನು ಬೈಯುವುದಿಲ್ಲ. ಬೈಯಬೇಕಾದವರು ಬೇರೆ ಬೇಕಾದಷ್ಟು ಜನ ಇದ್ದಾರೆ.

ಕೆಳಗೆ ಒಗೆಯುವ ತೊಟ್ಟಿಗಳು, ಬಾಯ್ಲರು. ನಡುವಿನ ಮಹಡಿಯಲ್ಲಿ ಇಸ್ತ್ರಿ ಮೇಜು ಮತ್ತು ನಮ್ಮ ಸಂಸಾರ. ಮೇಲೆ ತಾರಸಿ. ತೊಟ್ಟಿ ನಮ್ಮತ್ತೆಯದು, ಇಸ್ತ್ರಿ ನನ್ನ ಗಂಡನದು, ಮಡಚಿ ಕಟ್ಟುವುದು ನನ್ನದು. ನಮ್ಮತ್ತೆಯ ಲೆಕ್ಕದಲ್ಲಿ ಪ್ರಪಂಚದಲ್ಲಿರುವುದು ಎರಡೇ ಬಗೆ, ಒಗೆದದ್ದು ಮತ್ತು ಒಗೆಯಬೇಕಾದದ್ದು. ಹೋಟೆಲುಗಳಿಂದ, ಆಸ್ಪತ್ರೆಯಿಂದ ಬರುವ ಕೊಳೆ ಬಟ್ಟೆಯ ಗಂಟುಗಳನ್ನು ಬಿಚ್ಚುವ ಮೊದಲೇ ಅವರು ಮೇಲಿಂದ ಒಂದು ಮುಚ್ಚಳ ಬ್ಲೀಚಿಂಗ್ ನೀರು ಸುರಿಯುತ್ತಾರೆ. ಮುಟ್ಟುವ ಕೈಗೆ ತೊಂದರೆಯಾಗಬಾರದು ಎಂಬುದು ಅವರ ಮಾವನ ಕಾಲದಿಂದ ಬಂದ ಕಟ್ಟುನಿಟ್ಟು. ಇಡೀ ಮನೆಗೆ ಅದೇ ವಾಸನೆ. ಹೊರಗಿನವರು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಮೂಗುಗಳು ಆ ವಾಸನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನ ಮಗಳಿಗೆ ಮೂರು ವರ್ಷ. ಚೋಟುದ್ದ ಇದ್ದಾಳೆಂದು ಎಲ್ಲರ ಬಾಯಲ್ಲೂ ಚೋಟಿ. ನನ್ನ ಕೆಮ್ಮು ಮತ್ತೆ ಶುರುವಾದಾಗ ನನ್ನಕ್ಕ ಬಂದು ಅವಳನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಇದು ಎರಡನೇ ಸಲ, ಅದಕ್ಕೇ ಮತ್ತೆ ಎಂದೆ. ಮೊದಲ ಸಲ ಕ್ಷಯ ಎಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿದೆ, ಒಂದು ದಿನವೂ ತಪ್ಪಿಸಲಿಲ್ಲ. ಬೆವರಿಗೂ ಮಾತ್ರೆಯ ಬಣ್ಣ ಇಳಿದು ನನ್ನ ಅಂಗಿಯ ಕಂಕುಳಲ್ಲಿ ಕಿತ್ತಳೆ ಕಲೆ ಬಿತ್ತು, ನಮ್ಮತ್ತೆ ಆ ಕಲೆಯ ಜೊತೆ ಹಟಕ್ಕೆ ಬಿದ್ದು ಸೋತರು. ನಾನು ಮೈ ಕೈ ತುಂಬಿಕೊಂಡೆ. ಪೀಡೆ ತೊಲಗಿತು ಅಂದುಕೊಂಡೆವು. ಆಮೇಲೊಂದು ಮಧ್ಯಾಹ್ನ ಜ್ವರ ಹೇಳದೆ ಕೇಳದೆ ಬರುವ ನೆಂಟರ ಹಾಗೆ ಬಂದು ಕೂತಿತು.

ಅಕ್ಕನದು ಯಾವತ್ತೂ ಕಡ್ಡಿ ತುಂಡು ಮಾಡಿದಂಥ ಮಾತು.

"ನೋಡು, ಆಸ್ಪತ್ರೇಲಿ ಹೊಸ ಮಿಷನ್ ಬಂದಿದೆಯಂತೆ. ಅದು ನಿಂಗೆ ಕಾಯಿಲೆ ಇಲ್ಲ ಅಂದ್ರೆ ಅವತ್ತೇ ಮಗೂನ ತಂದು ನಿನ್ನ ಮಡಿಲಿಗೆ ಹಾಕ್ತೀನಿ. ಇದೆ ಅಂದ್ರೆ ವಾಸಿಯಾಗೋವರೆಗೂ ನಮ್ಮನೇಲಿರ್ಲಿ. ಅತ್ತು ಕರೆದು ನನ್ನ ಮನಸ್ಸು ಕರಗಿಸ್ಬೇಡ. ನಂಗೂ ಕರುಳು ಅನ್ನೋದಿದೆ."

ಹಾಗಾಗಿ ನನ್ನ ಮಗಳು ನನ್ನ ಪಕ್ಕದಲ್ಲಿ ಮಲಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದದ್ದು ಒಂದು ಮಿಷನ್ನು. ಅದನ್ನು ನೋಡಿದಾಗ ನನಗೆ ನಗುವೇ ಬಂತು. ಆಸ್ಪತ್ರೆಯ ಮೊಗಸಾಲೆಯ ಕೊನೆಯ ಕೋಣೆಯಲ್ಲಿ, ಒಬ್ಬರು ಆರಾಮವಾಗಿ ಎತ್ತಬಹುದಾದಷ್ಟು ದೊಡ್ಡ ಬೂದು ಪೆಟ್ಟಿಗೆ. ಮುಂದೆ ನಾಲ್ಕು ಪುಟ್ಟ ಬಾಗಿಲು. ಇಡೀ ಆಸ್ಪತ್ರೆಯಲ್ಲಿ ಎಸಿ ಇದ್ದದ್ದು ಅದರ ಕೋಣೆಗೆ ಮಾತ್ರ. ಹೊರಗೆ ಬೆಂಚುಗಳ ಮೇಲೆ ಜನ ಬೆವರು ಸುರಿಸುತ್ತಿದ್ದರೆ ಅದು ತಣ್ಣಗೆ ಕೂತು ಗುಂಯ್ ಎನ್ನುತ್ತಿತ್ತು. ಕರೆಂಟು ಹೋದರೆ ಇರಲೆಂದು ಕಾಲ ಬುಡದಲ್ಲಿ ಬ್ಯಾಟರಿ ಬೇರೆ. ಮನೆಗೆ ಬಂದ ಅಳಿಯನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ಲ್ಯಾಬಿನ ಹುಡುಗಿ ನನ್ನ ಕೈಗೆ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟಳು.

"ಬೆಳಗ್ಗೆ ಎದ್ದ ತಕ್ಷಣ ಎದೆ ಆಳದಿಂದ ಕೆಮ್ಮಿ ಕಫ ತೆಗೀಬೇಕು. ಬರೀ ಉಗುಳು ತಂದುಕೊಟ್ರೆ ಆಗಲ್ಲ. ಈ ಮಿಷನ್ ಎರಡು ಗಂಟೆ ಒಳಗೆ ಎರಡು ವಿಷಯ ಹೇಳುತ್ತೆ. ಕ್ಷಯದ ಕ್ರಿಮಿ ಇದೆಯಾ ಇಲ್ವಾ ಅನ್ನೋದು ಒಂದು. ಇದ್ರೆ, ನೀವು ಅಷ್ಟು ದಿನ ನುಂಗಿದ್ರಲ್ಲ, ಆ ಮುಖ್ಯ ಮಾತ್ರೆಗೆ ಅದು ಸಾಯುತ್ತಾ ಇಲ್ವಾ ಅನ್ನೋದು ಇನ್ನೊಂದು. ಮೊದ್ಲೆಲ್ಲಾ ಎರಡನೇದು ಗೊತ್ತಾಗೋಕೆ ತಿಂಗಳುಗಟ್ಲೆ ಹಿಡೀತಿತ್ತು."

"ಅಷ್ಟರಲ್ಲಿ ರೋಗೀನೇ ಇರ್ತಿರ್ಲಿಲ್ಲ," ಎಂದೆ.

ಅವಳು ನಗಲಿಲ್ಲ. "ಕಫ ತುಂಬೋಕೆ ಒಬ್ಬೊಬ್ರಿಗೆ ಒಂದೊಂದು ಕಾರ್ಟ್ರಿಜ್ ಬೇಕು, ಒಂದ್ಸಲ ಹಾಕಿದ್ರೆ ಮುಗೀತು. ಈ ತಿಂಗಳು ಉಳಿದಿರೋದೇ ಸ್ವಲ್ಪ. ಸರಿಯಾಗಿ ತನ್ನಿ," ಎಂದಳು.

ಮರುದಿನ ಇನ್ನೂ ಮಬ್ಬುಗತ್ತಲೆಯಿರುವಾಗ ತಾರಸಿಗೆ ಹೋದೆ. ಹಿಂದಿನ ದಿನದ ಬಟ್ಟೆಗಳು ಇನ್ನೂ ತಂತಿಯ ಮೇಲೆಯೇ ಇದ್ದವು. ಆ ಹೊತ್ತಿನಲ್ಲಿ ಬಿಳಿ ಬಟ್ಟೆಗಳು ಬಿಳಿಯಾಗಿರುವುದಿಲ್ಲ, ನೀರಿನ ಬಣ್ಣಕ್ಕಿರುತ್ತವೆ. ಅವುಗಳ ಮರೆಯಲ್ಲಿ ಕೂತು ಕೆಮ್ಮಿದೆ. ಎದೆಯ ಆಳ ಎಷ್ಟು ಆಳವಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಕೊನೆಗೆ ಬಂದದ್ದು ಗಟ್ಟಿಯಾಗಿತ್ತು, ಹಸಿರು ಮಿಶ್ರಿತ ಹಳದಿ. ಹುಡುಗಿ ಮೆಚ್ಚುವಂಥದ್ದು ಎಂದುಕೊಂಡು ಮುಚ್ಚಳ ತಿರುಗಿಸಿದೆ. ಡಬ್ಬಿಯನ್ನು ಮೋಟುಗೋಡೆಯ ಮೇಲಿಟ್ಟು ಮುಖ ತೊಳೆಯಲು ಹೋದೆ.

ಬರುವಷ್ಟರಲ್ಲಿ ನಮ್ಮತ್ತೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚೆಂದದ ಗಂಟು ಹಾಕಿದ್ದರು.

"ಹಾಗೇ ಕೈಯಲ್ಲಿ ಹಿಡ್ಕೊಂಡು ಹೋಗ್ತೀಯಾ? ದಾರೀಲಿ ನಾಲ್ಕು ಜನ ನೋಡಲ್ವಾ?" ಎಂದರು.

ನನಗೆ ಕಣ್ಣು ತುಂಬಿ ಬಂತು. ನಮ್ಮತ್ತೆ ಪ್ರೀತಿಯನ್ನು ಬಾಯಿಬಿಟ್ಟು ಹೇಳುವವರಲ್ಲ. ಗಂಟು ಹಾಕುವುದರಲ್ಲಿ, ಅಂಚು ಸರಿಪಡಿಸುವುದರಲ್ಲಿ ನಾವೇ ಹುಡುಕಿಕೊಳ್ಳಬೇಕು.

ಗಂಡನ ಜೊತೆ ಆಸ್ಪತ್ರೆಗೆ ಹೋದೆ. ಲ್ಯಾಬಿನ ಹುಡುಗಿ, ಮೂಗು ಬಾಯಿ ಎಲ್ಲ ದಪ್ಪ ಮಾಸ್ಕಿನೊಳಗೆ ಮುಚ್ಚಿಕೊಂಡವಳು, ಗಂಟು ಬಿಚ್ಚಿ ಡಬ್ಬಿಯನ್ನು ಬೆಳಕಿಗೆ ವಾಲಿಸಿದಳು.

"ಇದೇನು ಇಷ್ಟು ತೆಳ್ಳಗಿದೆ? ಉಗುಳಲ್ವಾ ಇದು?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. "ಕರುಳು ಬಾಯಿಗೆ ಬರೋ ಹಾಗೆ ಕೆಮ್ಮಿ ತೆಗ್ದಿದೀನಿ. ಉಗುಳಂತೆ! ಬೇಕಾದ್ರೆ ನೀನೇ ನನ್ನೆದೆ ಒಳಗೆ ಇಳಿದು ತಗೋ," ಎಂದೆ. ಗಂಡ ನನ್ನ ತೋಳು ಹಿಡಿದು ಹಿಂದಕ್ಕೆಳೆದ. ಹುಡುಗಿ ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋದಳು. ಅದಕ್ಕೆ ಏನೋ ದ್ರಾವಣ ಸೇರಿಸಿ, ಕುಲುಕಿ, ಸ್ವಲ್ಪ ಹೊತ್ತು ಬಿಟ್ಟು, ಕಾರ್ಟ್ರಿಜ್ಜಿಗೆ ತುಂಬಿ ಒಂದು ಬಾಗಿಲೊಳಗೆ ತಳ್ಳಿದಳು. ಟಕ್ ಎಂದಿತು.

ಬೆಂಚಿನ ಮೇಲೆ ಕೂತವಳಿಗೆ ಕಣ್ಣು ಎಳೆಯಿತು. ಆ ಪುಟ್ಟ ಬಾಗಿಲು ತೆರೆಯಿತು, ನಾನು ತಲೆ ಬಗ್ಗಿಸಿ ಒಳಗೆ ಹೋದೆ. ಒಳಗೆ ತಂಪು. ಉದ್ದನೆಯ ಕೋಣೆ, ತಂತಿಗಳ ಮೇಲೆ ನನ್ನವೇ ಬಟ್ಟೆಗಳು. ಚಿಕ್ಕಂದಿನ ಫ್ರಾಕು, ಶಾಲೆಯ ಸಮವಸ್ತ್ರ, ಚೋಟಿ ಹೊಟ್ಟೆಯಲ್ಲಿದ್ದಾಗ ತೊಡುತ್ತಿದ್ದ ದೊಗಳೆ ಅಂಗಿ. ಯಾರೋ ಒಬ್ಬರು ಬೆನ್ನು ಹಾಕಿ ನಿಂತು ಒಂದೊಂದರ ಜೇಬನ್ನೂ ತಿರುವಿ ನೋಡುತ್ತಿದ್ದರು.

"ಏನು ಹುಡುಕ್ತಿದೀರಿ?" ಎಂದೆ.

"ಸಣ್ಣದೊಂದು," ಎಂದರು. "ಕಣ್ಣಿಗೆ ಕಾಣದಷ್ಟು ಸಣ್ಣದು. ಆದ್ರೆ ಬಲು ಹಟಮಾರಿ."

"ಅಯ್ಯೋ, ಅದು ನನ್ನ ಮಗಳು! ಅಕ್ಕನ ಮನೇಲಿದಾಳೆ," ಎಂದು ನಗುತ್ತಾ ನಗುತ್ತಾ ಎಚ್ಚರಾದೆ. ಗಂಡ ನನ್ನ ಭುಜ ಅಲ್ಲಾಡಿಸುತ್ತಿದ್ದ. ಅವನ ಮುಖ ಆಗತಾನೇ ಇಸ್ತ್ರಿ ಮಾಡಿದಂತಿತ್ತು, ಒಂದು ಸುಕ್ಕೂ ಇಲ್ಲ.

"ಇಲ್ವಂತೆ ಕಣೇ. ಕ್ರಿಮಿ ಇಲ್ವಂತೆ!"

ಡಾಕ್ಟರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಮಿಷನ್ ಇಲ್ಲ ಅನ್ನುತ್ತೆ. ಎದೆಯಲ್ಲಿರೋದು ಹಳೇ ಗಾಯದ ಗುರುತೂ ಇರಬಹುದು, ಬೇರೆ ಸೋಂಕೂ ಇರಬಹುದು. ಈ ಔಷಧಿ ತಗೊಳ್ಳಿ, ಎರಡು ವಾರ ಬಿಟ್ಟು ಬನ್ನಿ," ಎಂದರು. ಗಂಡ ಮೆಟ್ಟಿಲಿಳಿಯುವಾಗಲೇ ನನ್ನಕ್ಕನಿಗೆ ಫೋನು ಹಚ್ಚಿದ. "ಸಂಜೆ ಕರ್ಕೊಂಡು ಬರ್ತೀನಿ" ಎಂದು ಅವಳು ಕೂಗಿದ್ದು ನನಗೂ ಕೇಳಿಸಿತು. ಅವಳ ಹಿಂದೆ ಚೋಟಿ ಏನನ್ನೋ ಬಡಿಯುತ್ತಿದ್ದ ಸದ್ದೂ ಕೇಳಿಸಿತು.

ಮನೆಗೆ ಬಂದು ಊಟ ಮಾಡಿದೆ. ರುಚಿ ಗೊತ್ತಾಗದಿದ್ದರೂ ತಟ್ಟೆ ಖಾಲಿ ಮಾಡಿದೆ. ಚೋಟಿಯ ದಿಂಬನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದೆ. ಜ್ವರ ಎಂದಿನಂತೆ ತಳದಿಂದ ಏರತೊಡಗಿತ್ತು, ಆದರೆ ಅವತ್ತು ಅದು ಸುಖವಾಗಿತ್ತು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನಮ್ಮತ್ತೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದರು. ಅವರೂ ಖುಷಿಯಲ್ಲಿದ್ದರು. ಖುಷಿಯಾದಾಗ ಅವರಿಗೆ ತಮ್ಮ ಬುದ್ಧಿವಂತಿಕೆಯನ್ನು ನಾಲ್ಕು ಜನಕ್ಕೆ ಹೇಳಬೇಕೆನಿಸುತ್ತದೆ.

"ಆ ಲ್ಯಾಬಿನ ಹುಡುಗಿ ಪಾಪ, ದಿನಾ ಎಷ್ಟು ಜನರ ಹೊಲಸು ಮುಟ್ಬೇಕು," ಎಂದರು. "ಅದಕ್ಕೇ ಬೆಳಗ್ಗೆ ನಿನ್ನ ಡಬ್ಬಿಗೆ ಒಂದು ಮುಚ್ಚಳ ಹಾಕ್ಬಿಟ್ಟೆ."

"ಏನು ಹಾಕಿದ್ರಿ?"

"ಇನ್ನೇನು, ಬ್ಲೀಚಿಂಗ್ ನೀರು. ನಾವು ಕಳ್ಸೋ ಗಂಟು ಬಿಚ್ಚಿದವರಿಗೆ ರೋಗ ಹತ್ತಿತು ಅನ್ನೋ ಮಾತು ಬರ್ಬಾರ್ದು ನೋಡು."

ನಾನು ತೊಟ್ಟಿಯ ಕಡೆ ನೋಡಿದೆ. ತೊಟ್ಟಿಯಲ್ಲಿ ಯಾವುದೋ ಹೋಟೆಲಿನ ಮೇಜುಬಟ್ಟೆ ನೆನೆಯುತ್ತಿತ್ತು. ಬೆಳಗ್ಗೆ ಅದರ ಮೇಲೆ ಅಂಗೈಯಗಲದ ಕಂದು ಕಲೆ ಇದ್ದದ್ದನ್ನು ನಾನೇ ಕಂಡಿದ್ದೆ. ಈಗ ಇರಲಿಲ್ಲ. ಕಲೆ ಇತ್ತೆಂದು ಈಗ ಯಾರಿಗಾದರೂ ಹೇಳಿದರೆ ನಂಬುವುದೂ ಇಲ್ಲ. ಬ್ಲೀಚಿಂಗ್ ನೀರು ಏನು ಮಾಡುತ್ತದೆ ಎಂದು ನಮ್ಮ ಮನೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಟ್ಟಿಯಾದದ್ದನ್ನು ತೆಳ್ಳಗೆ ಮಾಡುತ್ತದೆ, ಇದ್ದದ್ದನ್ನು ಇಲ್ಲವೆನ್ನಿಸುತ್ತದೆ. ಡಬ್ಬಿಯೊಳಗಿನದು ಬೆಳ್ಳಗಾಗಿತ್ತು ಅಷ್ಟೆ. ನನ್ನ ಎದೆಯೊಳಗೆ ಯಾರೂ ಮುಚ್ಚಳ ಸುರಿದಿರಲಿಲ್ಲ.

ಹೇಳಬಾರದು, ಆದರೆ ಹೇಳಿಬಿಡುತ್ತೇನೆ. ನನಗೆ ಮೊದಲು ಬಂದ ಯೋಚನೆ ಸುಮ್ಮನಿದ್ದುಬಿಡೋಣ ಎಂಬುದು. ಚೀಟಿಯಲ್ಲಿ ಇಲ್ಲ ಎಂದು ಬರೆದಿದೆ. ಡಾಕ್ಟರೂ ಹೇಳಿದ್ದಾರೆ. ಒಂದು ರಾತ್ರಿ, ಒಂದೇ ಒಂದು ರಾತ್ರಿ ಅವಳು ನನ್ನ ತೋಳಿನ ಮೇಲೆ ತಲೆಯಿಟ್ಟು ಮಲಗಲಿ, ನಾಳೆ ಹೇಳಿದರಾಯಿತು. ಅವಳ ನೆತ್ತಿಯ ವಾಸನೆ ಮೂಗಿಗೆ ಬಂದೇಬಿಟ್ಟಿತು. ಆಮೇಲೆ ಕೆಮ್ಮು ಬಂತು. ಕೈಯಲ್ಲಿದ್ದ ಬಟ್ಟೆಗೆ ಕೆಮ್ಮಿದೆ. ಮಲಗಿದ ಮಗುವಿನ ಮುಖ ನನ್ನ ಬಾಯಿಗೆ ಎಷ್ಟು ಹತ್ತಿರವಿರುತ್ತದೆ ಎಂದು ನೆನಪಾಯಿತು.

"ಒಂದು ಔಷಧಿ ತರೋದು ಮರ್ತೆ, ಹೀಗೆ ಹೋಗಿ ಹಾಗೆ ಬರ್ತೀನಿ," ಎಂದು ನಮ್ಮತ್ತೆಗೆ ಸುಳ್ಳು ಹೇಳಿ ಹೊರಟೆ. ಅಕ್ಕನಿಗೆ ಬರಬೇಡ ಎಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮಿಷನ್ನು ಎರಡನೇ ಸಲವೂ ಇಲ್ಲ ಎಂದರೆ? ನಿಜವಾಗಿಯೂ ಏನೂ ಇಲ್ಲದಿದ್ದರೆ? ಬಿಸಿಲಿನಲ್ಲಿ ರಸ್ತೆ ನೆನೆಹಾಕಿದ ಬಟ್ಟೆಯ ಹಾಗೆ ಮೆತ್ತಗೆ ಅಲೆಯುತ್ತಿತ್ತು. ಅಂಗಡಿಗಳ ಬಾಗಿಲಲ್ಲಿ ಕೂತವರ ತುಟಿಗಳು ಆಡುತ್ತಿದ್ದವು, ಮಾತು ಮಾತ್ರ ಬಹಳ ತಡವಾಗಿ, ನಾನು ದಾಟಿ ಹೋದ ಮೇಲೆ ಬಂದು ಕಿವಿ ಮುಟ್ಟುತ್ತಿತ್ತು. ಎಷ್ಟು ನಡೆದರೂ ಆಸ್ಪತ್ರೆಯ ಗೇಟು ಅಷ್ಟೇ ದೂರದಲ್ಲಿತ್ತು. ಆಮೇಲೆ ಇದ್ದಕ್ಕಿದ್ದಂತೆ ನಾನು ಆ ತಣ್ಣನೆಯ ಕೋಣೆಯ ಬಾಗಿಲಲ್ಲಿದ್ದೆ.

"ತಪ್ಪಾಯ್ತು ತಾಯಿ, ಬೆಳಗ್ಗೆ ನಿನ್ನ ಮೇಲೆ ರೇಗಾಡಿದೆ," ಎಂದೆ. "ನಮ್ಮತ್ತೆ ಅದಕ್ಕೆ ಬ್ಲೀಚಿಂಗ್ ನೀರು ಹಾಕಿದ್ರಂತೆ."

ಅವಳು ಕಸದ ಬುಟ್ಟಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಬ್ಲೀಚಿಂಗಾ? ಯಾಕೆ?"

"ನಿಂಗೆ ರೋಗ ಹತ್ತಬಾರದು ಅಂತ."

ಬೈಯುತ್ತಾಳೆ ಅಂದುಕೊಂಡಿದ್ದೆ. ಒಂದು ಕಾರ್ಟ್ರಿಜ್ ದಂಡವಾಗಿತ್ತಲ್ಲ. ಅವಳು ಮಾಸ್ಕನ್ನು ಮೂಗಿನ ಮೇಲೆ ಸರಿಪಡಿಸಿಕೊಂಡಳು. "ಇಷ್ಟು ವರ್ಷದಲ್ಲಿ ನನಗೋಸ್ಕರ ಯಾರೂ ಏನೂ ಹಾಕಿರ್ಲಿಲ್ಲ," ಎಂದಳು. ಆಮೇಲೆ ದಡಬಡ ಡಾಕ್ಟರ ಹತ್ತಿರ ಓಡಿ, ಇನ್ನೊಂದು ಕಾರ್ಟ್ರಿಜ್ಜಿಗೆ ಸಹಿ ಹಾಕಿಸಿಕೊಂಡು ಬಂದಳು. ಹೊಸ ಡಬ್ಬಿ ಕೊಟ್ಟು, ಹಿತ್ತಲಿನ ಮರದ ಕೆಳಗೆ ನನ್ನನ್ನು ನಿಲ್ಲಿಸಿ, ದೂರದಿಂದಲೇ "ಆಳವಾಗಿ ಉಸಿರೆಳ್ಕೊಳ್ಳಿ, ಇನ್ನೂ ಆಳವಾಗಿ" ಎಂದಳು. ಬಂತು. ಗಟ್ಟಿಯಾಗಿಯೇ ಬಂತು. ಡಬ್ಬಿಯನ್ನು ನಾನೇ ಅವಳ ಕೈಗೆ ಕೊಟ್ಟೆ, ನಡುವೆ ಯಾರ ಪ್ರೀತಿಯೂ ಅದನ್ನು ಮುಟ್ಟಲಿಲ್ಲ.

ಈ ಸಲ ನಿದ್ದೆ ಬರಲಿಲ್ಲ. ಕಿಟಕಿಯ ಗಾಜಿನಾಚೆ ಮಿಷನ್ನಿನ ಆ ಪುಟ್ಟ ಬಾಗಿಲ ಮೇಲೆ ಒಂದು ಹಸಿರು ಚುಕ್ಕೆ ಮಿನುಗುತ್ತಿತ್ತು. ಅದು ಆರಿದಾಗ ನನ್ನ ಮಗಳು ಕಣ್ಣು ಮುಚ್ಚಿದಳೆಂದೂ ಹತ್ತಿದಾಗ ತೆರೆದಳೆಂದೂ ಅನ್ನಿಸತೊಡಗಿ, ಅದನ್ನೇ ನೋಡುತ್ತಾ ಕೂತೆ. ಇಲ್ಲ ಅನ್ನು, ಇಲ್ಲ ಅನ್ನು ಎಂದು ಬೇಡಿಕೊಂಡೆ. ಪೆಟ್ಟಿಗೆಯನ್ನು ಬೇಡಿಕೊಳ್ಳುವವರು ಉಂಟೇ ಎಂದು ನೀವು ನಗಬಹುದು. ಅದರ ಮುಂದೆ ಕೂತು ನೋಡಿ, ಆಮೇಲೆ ನಗಿ.

ಹುಡುಗಿ ಬಂದು ನನ್ನ ಪಕ್ಕದಲ್ಲೇ ಕೂತಳು. ಅಷ್ಟರಲ್ಲೇ ನನಗೆ ತಿಳಿಯಿತು.

"ಇದೆ," ಎಂದಳು. "ಹಳೇ ಮಾತ್ರೆಗೆ ಸಾಯೋದಲ್ಲ. ಅದಕ್ಕೇ ನೀವು ಎಷ್ಟು ನುಂಗಿದ್ರೂ ಹೋಗ್ಲಿಲ್ಲ. ನಿಮ್ಮ ತಪ್ಪೇನಿಲ್ಲ ಇದ್ರಲ್ಲಿ. ಬೇರೆ ಮಾತ್ರೆ ಇದೆ, ನಾಳೆಯಿಂದಲೇ ಶುರು ಮಾಡ್ತಾರೆ. ಮನೇಲಿರೋರ್ನೆಲ್ಲ ಪರೀಕ್ಷೆ ಮಾಡ್ಬೇಕು. ಮಗು ಇದೆಯಾ?"

"ಇದೆ. ಮೂರು ವರ್ಷ."

"ಮಾತ್ರೆ ಹಿಡಿದು ಕಫದಲ್ಲಿ ಏನೂ ಕಾಣಿಸ್ತಿಲ್ಲ ಅಂತ ಡಾಕ್ಟರು ಹೇಳೋವರೆಗೂ ದೂರ ಇರ್ಲಿ. ಮುತ್ತು ಗಿತ್ತು ಕೊಡೋಕೆ ಹೋಗ್ಬೇಡಿ." ಒಂದು ದಪ್ಪ ಮಾಸ್ಕು ತಂದು ನನ್ನ ಕಿವಿಗೆ ತಾನೇ ಸಿಕ್ಕಿಸಿದಳು.

ಸಂಜೆಯಾಗಿತ್ತು. ಆ ಹೊತ್ತಿಗೆ ಜ್ವರ ತುದಿ ಮುಟ್ಟಿರುತ್ತದೆ. ನಮ್ಮ ಗಲ್ಲಿಗೆ ತಿರುಗಿದಾಗ ಎರಡೂ ಬದಿಯ ಮನೆಗಳು ದೂರ ಸರಿದು ನನಗೆ ದಾರಿ ಬಿಟ್ಟವು. ಲಾಂಡ್ರಿಯ ಮೆಟ್ಟಿಲ ಮೇಲೆ ಎಲ್ಲರೂ ಇದ್ದರು. ಗಂಡ, ಅಕ್ಕ, ಕೈಯಲ್ಲಿ ಟವೆಲು ಹಿಡಿದ ನಮ್ಮತ್ತೆ. ಅವರ ಕಾಲುಗಳ ನಡುವಿನಿಂದ ನುಸುಳಿಕೊಂಡು ಬಂತು ಹಳದಿ ಫ್ರಾಕಿನ ಒಂದು ಚೋಟು.

"ಅಮ್ಮಾ!"

ಎರಡು ಕೈ ಚಾಚಿ ಓಡಿ ಬಂದಳು. ಆ ಓಟ ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ಅವಳ ಒಂದು ಚಪ್ಪಲಿ ಹಿಂದೆ ಉಳಿಯಿತು. ಕೆನ್ನೆ ಕುಣಿಯುತ್ತಿತ್ತು. ನನ್ನ ಕೈಗಳು ನನ್ನನ್ನು ಕೇಳದೆಯೇ ಅರ್ಧ ಮೇಲೆದ್ದಿದ್ದವು.

"ಅಲ್ಲೇ ನಿಲ್ಲು!" ಎಂದು ಕಿರುಚಿದೆ. "ಅಕ್ಕಾ, ಹಿಡ್ಕೋ ಅವಳ್ನ! ಇದೆ. ಕಾಯಿಲೆ ಇದೆ. ಹಳೇ ಮಾತ್ರೆಗೆ ಬಗ್ಗೋದಲ್ವಂತೆ. ಬೆಳಗ್ಗೆ ಡಬ್ಬಿಗೆ ಬ್ಲೀಚಿಂಗ್ ಬಿದ್ದಿತ್ತು, ಅದಕ್ಕೆ ತಪ್ಪು ತೋರಿಸ್ತು."

ಅಕ್ಕ ಓಡಿ ಬಂದು ಅವಳ ಫ್ರಾಕು ಹಿಡಿದಳು. ಮೆಟ್ಟಿಲ ಮೇಲೆ ನಮ್ಮತ್ತೆ ಕೂತುಬಿಟ್ಟರು. ಗಂಡ ಅವರ ಹೆಗಲ ಮೇಲೆ ಕೈಯಿಟ್ಟ.

ಚೋಟಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮೇಲೆ ಹಾಗೆ ಕಿರುಚಿದ್ದು ಅದೇ ಮೊದಲು. ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಫ್ರಾಕಿನ ಮುಂಭಾಗ ನೋಡಿಕೊಂಡಳು. ಚಪ್ಪಲಿಯಿಲ್ಲದ ಪಾದವನ್ನು ಇನ್ನೊಂದು ಪಾದದ ಹಿಂದೆ ಅಡಗಿಸಿದಳು.

"ಅಮ್ಮಾ, ನಾನು ಸ್ನಾನ ಮಾಡ್ಕೊಂಡೇ ಬಂದಿದೀನಿ," ಎಂದಳು.

ನನ್ನ ಜೀವ ಹೋಯಿತು. ಹಾಗೆಯೇ ಹೇಳಬೇಕು, ಬೇರೆ ಮಾತಿಲ್ಲ. "ನೀನಲ್ಲ ಕಂದ, ನೀನಲ್ಲ," ಎಂದೆ. ಮಾಸ್ಕಿನೊಳಗೆ ಕಣ್ಣೀರು ಇಳಿದು ಉಸಿರು ಕಟ್ಟುತ್ತಿತ್ತು. "ನೀನು ಬೆಳ್ಳಗೆ ಫಳಫಳ ಅಂತಿದೀಯ. ಕೊಳೆ ಆಗಿರೋದು ಅಮ್ಮ. ಅಮ್ಮನ ಎದೆ ಒಳಗೆ ಕೊಳೆ ಆಗಿದೆ."

ಅವಳು ಯೋಚಿಸಿದಳು. ಅಕ್ಕನ ಹಿಡಿತದಲ್ಲೇ ಹಿಂದಕ್ಕೆ ತಿರುಗಿ ಮೆಟ್ಟಿಲ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು. ಇಷ್ಟು ಸುಲಭದ ವಿಷಯಕ್ಕೆ ದೊಡ್ಡವರೆಲ್ಲ ಯಾಕೆ ಅಳುತ್ತಿದ್ದಾರೆ ಎಂಬ ಆಶ್ಚರ್ಯ ಅವಳ ಮುಖದಲ್ಲಿತ್ತು.

"ಹಾಗಾದ್ರೆ ಅಜ್ಜಿ ಹತ್ರ ಕೊಡು," ಎಂದಳು. "ಅಜ್ಜಿ ಬೇಗ ಒಗ್ದು ಕೊಡ್ತಾರೆ."

ನಮ್ಮತ್ತೆ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಅವರು ಬಿಕ್ಕಿದ್ದು ಗಲ್ಲಿಯ ಈ ತುದಿಗೂ ಕೇಳಿಸಿತು. ನನಗೆ ಮಾತ್ರ ನಗು ಬಂತು, ತಡೆಯಲಾಗಲಿಲ್ಲ, ನಗುವಿನ ಹಿಂದೆಯೇ ಕೆಮ್ಮು ಬಂತು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಕೊಂಡೆ, ಅಕ್ಕ ಅವಳನ್ನು ಎತ್ತಿಕೊಂಡು ಹೋಗುವವರೆಗೂ.